ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಜನಿವಾರ, ಹಿಜಾಬ್, ಕರಡಿಗೆ: ಧಾರ್ಮಿಕ ಸ್ವಾತಂತ್ರ್ಯದ ಗೆರೆ ಎಲ್ಲಿದೆ?

2025ರ ಏಪ್ರಿಲ್ 17ರಂದು ಬೀದರ್‌ನ ಸಿಇಟಿ ಕೇಂದ್ರವೊಂದರ ಬಾಗಿಲಲ್ಲಿ ಒಬ್ಬ ವಿದ್ಯಾರ್ಥಿಯನ್ನು ತಡೆದು ನಿಲ್ಲಿಸಿದರು. ಅಂದು ಗಣಿತ ಪತ್ರಿಕೆ. ಜನಿವಾರ ತೆಗೆದರೆ ಮಾತ್ರ ಒಳಗೆ ಬಿಡುತ್ತೇವೆ ಎಂದು ತಪಾಸಣೆಗೆ ನಿಂತವರು ಪಟ್ಟು ಹಿಡಿದರು. ಹುಡುಗ ಒಪ್ಪಲಿಲ್ಲ. ಪತ್ರಿಕೆ ಬರೆಯದೆ ಮನೆಗೆ ಮರಳಿದ. ಎಂಜಿನಿಯರಿಂಗ್ ಸೀಟು ಬೇಕಾದವನಿಗೆ ಗಣಿತ ತಪ್ಪಿತೆಂದರೆ ರ‍್ಯಾಂಕ್ ತಪ್ಪಿತು, ರ‍್ಯಾಂಕ್ ತಪ್ಪಿತೆಂದರೆ ಒಂದು ವರ್ಷ ಕಳೆಯಿತು.

ಅದೇ ಪರೀಕ್ಷೆಯಲ್ಲಿ ಶಿವಮೊಗ್ಗದಿಂದಲೂ ಇಂಥದೇ ದೂರು ಬಂತು. ಜನಿವಾರ ತೆಗೆಸಬೇಕೆಂಬ ಸೂಚನೆಯನ್ನು ತಾನು ಕೊಟ್ಟೇ ಇಲ್ಲ ಎಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸ್ಪಷ್ಟಪಡಿಸಿತು. ನಡೆದದ್ದು ತಪ್ಪು ಎಂದು ಸರ್ಕಾರ ಒಪ್ಪಿಕೊಂಡಿತು. ಬೀದರ್ ಕೇಂದ್ರದ ಪ್ರಾಂಶುಪಾಲರ ಮೇಲೂ ಸಿಬ್ಬಂದಿಯ ಮೇಲೂ ಕ್ರಮವಾಯಿತು. ಗಣಿತ ಪತ್ರಿಕೆಯನ್ನು ಮತ್ತೊಮ್ಮೆ ಬರೆಯಬಹುದು, ಇಲ್ಲವೇ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದ ಅಂಕಗಳ ಸರಾಸರಿಯನ್ನು ಒಪ್ಪಬಹುದು ಎಂಬ ಎರಡು ದಾರಿಗಳನ್ನು ವಿದ್ಯಾರ್ಥಿಯ ಮುಂದಿಟ್ಟರು. ಇಷ್ಟೆಲ್ಲ ಆದ ಮೇಲೂ, ಮೂರು ವಾರ ತುಂಬುವ ಮೊದಲೇ, ಮೇ 4ರ ನೀಟ್ ದಿನ ಕಲಬುರಗಿಯ ಕೇಂದ್ರವೊಂದರ ಮುಂದೆ ಅದೇ ಕಾರಣಕ್ಕೆ ಪ್ರತಿಭಟನೆ ನಡೆಯಿತು.

ಓದುಗರಲ್ಲಿ ಗೊಂದಲ ಹುಟ್ಟಿದ್ದು ಸಹಜ. 2022ರಲ್ಲಿ ಹಿಜಾಬ್ ವಿವಾದ ಎದ್ದಾಗ ಸಮವಸ್ತ್ರವೇ ಮುಖ್ಯ ಎಂದು ಹೈಕೋರ್ಟ್ ಹೇಳಿತ್ತು. 2025ರಲ್ಲಿ ಜನಿವಾರ ತೆಗೆಸಿದ್ದು ತಪ್ಪು ಎಂದು ಸರ್ಕಾರ ಹೇಳಿತು. ಹಾಗಾದರೆ ಕಾನೂನು ಧರ್ಮಕ್ಕೊಂದು ಬಗೆಯೇ? ಈ ಪ್ರಶ್ನೆಯನ್ನು ಸಿಟ್ಟಿನಿಂದ ಕೇಳುವವರು ಎರಡೂ ಕಡೆ ಇದ್ದಾರೆ. ಸಿಟ್ಟನ್ನು ಬದಿಗಿಟ್ಟು ನೋಡಿದರೆ ಇದಕ್ಕೆ ಉತ್ತರವಿದೆ.

ಭಯ ಹುಟ್ಟಿದ್ದು ಇದೇ ನೆಲದಲ್ಲಿ

ಬಾಗಿಲಲ್ಲಿ ನಿಂತ ಸಿಬ್ಬಂದಿ ಒಂದು ದಾರವನ್ನು ಕಂಡು ಯಾಕೆ ಬೆದರಿದರು ಎಂಬುದನ್ನು ಮೊದಲು ತಿಳಿಯಬೇಕು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆದಿತ್ತು. ಮರುವರ್ಷ ಅದರ ಅಕ್ರಮ ಹೊರಬಿದ್ದಾಗ ತನಿಖೆಯ ಮೊದಲ ಎಳೆಗಳು ಸಿಕ್ಕಿದ್ದು ಕಲಬುರಗಿಯ ಪರೀಕ್ಷಾ ಕೇಂದ್ರದಲ್ಲಿ. ಸರ್ಕಾರ ಇಡೀ ಪರೀಕ್ಷೆಯನ್ನೇ ರದ್ದು ಮಾಡಿತು. ಪ್ರಾಮಾಣಿಕವಾಗಿ ಓದಿ ಬರೆದವರೂ ಅದರೊಂದಿಗೆ ಮುಳುಗಿದರು. 2023ರ ಅಕ್ಟೋಬರ್ ಕೊನೆಯಲ್ಲಿ ನಿಗಮ ಮಂಡಳಿಗಳ ಹುದ್ದೆಗಳಿಗೆ ಪರೀಕ್ಷೆ ನಡೆದಾಗ ಕಲಬುರಗಿ ಮತ್ತು ಯಾದಗಿರಿಯಲ್ಲಿ ಅಭ್ಯರ್ಥಿಗಳು ಬ್ಲೂಟೂತ್ ಸಾಧನ ಬಚ್ಚಿಟ್ಟುಕೊಂಡು ಸಿಕ್ಕಿಬಿದ್ದರು.

ಇದರ ಪರಿಣಾಮ ಎಲ್ಲ ಅಭ್ಯರ್ಥಿಗಳ ಮೇಲಾಯಿತು. ಮುಂದಿನ ಪರೀಕ್ಷೆಗಳಿಗೆ ಕಟ್ಟುನಿಟ್ಟಿನ ವಸ್ತ್ರ ನಿಯಮ ಬಂತು. ತುಂಬುತೋಳಿನ ಅಂಗಿ ಬೇಡ, ಶೂ ಬೇಡ, ತಲೆ, ಬಾಯಿ, ಕಿವಿ ಮುಚ್ಚುವ ಉಡುಪು ಬೇಡ, ಮಾಂಗಲ್ಯ ಮತ್ತು ಕಾಲುಂಗುರ ಬಿಟ್ಟು ಬೇರೆ ಆಭರಣ ಬೇಡ. ನಿಯಮದಲ್ಲಿ ಮಾಂಗಲ್ಯಕ್ಕೆ ವಿನಾಯಿತಿ ಕೊಡುವ ಹೊತ್ತಿಗಾಗಲೇ, ಕಲಬುರಗಿಯ ಕೇಂದ್ರವೊಂದರಲ್ಲಿ ಲೋಕಸೇವಾ ಆಯೋಗದ ಪರೀಕ್ಷೆಗೆ ಬಂದ ಮಹಿಳೆಯರಿಂದ ಅದನ್ನೂ ಬಿಚ್ಚಿಸಿದರೆಂಬ ದೂರು ಸುದ್ದಿಯಾಗಿತ್ತು.

ಅಕ್ರಮ ನಡೆದದ್ದರಿಂದ ಭಯ, ಭಯದಿಂದ ಬಿಗಿ ತಪಾಸಣೆ, ತಪಾಸಣೆಗೆ ನಿಂತವನಿಗೆ ಸ್ಪಷ್ಟ ಸೂಚನೆ ಇಲ್ಲದ್ದರಿಂದ ಕಂಡದ್ದನ್ನೆಲ್ಲ ತೆಗೆಸುವ ಅಭ್ಯಾಸ. ಬೀದರ್‌ನ ಹುಡುಗ ನಿಂತದ್ದು ಈ ಸರಪಳಿಯ ತುದಿಯಲ್ಲಿ. ಒಂದು ಬ್ಲೂಟೂತ್ ಒಳಗೆ ಹೋದರೆ ತನ್ನ ಕೆಲಸ ಹೋಗುತ್ತದೆ, ಒಂದು ದಾರ ತೆಗೆಸಿದರೆ ಯಾರೂ ಕೇಳುವುದಿಲ್ಲ ಎಂದು ಆ ಸಿಬ್ಬಂದಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಗಂಟೆಯೊಳಗೆ ನೂರಾರು ಮಕ್ಕಳನ್ನು ತಪಾಸಿಸಿ ಒಳಗೆ ಬಿಡಬೇಕಾದವರ ಕಷ್ಟವೂ ನಿಜವಾದದ್ದೇ. ಆದರೆ ಕಷ್ಟವಿದೆ ಎಂಬುದರಿಂದ ಅಧಿಕಾರ ಹುಟ್ಟುವುದಿಲ್ಲ.

25ನೇ ವಿಧಿಯನ್ನು ಹೇಗೆ ಓದಬೇಕು

ಸಂವಿಧಾನದ 25ನೇ ವಿಧಿಯನ್ನು ಹೆಚ್ಚಿನವರು ಅರ್ಧ ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಎಲ್ಲ ವ್ಯಕ್ತಿಗಳಿಗೂ ಅಂತಃಸಾಕ್ಷಿಯ ಸ್ವಾತಂತ್ರ್ಯವಿದೆ, ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಸಾರ ಮಾಡುವ ಹಕ್ಕಿದೆ ಎನ್ನುವುದು ಆ ಅರ್ಧ. ಆದರೆ ಆ ವಾಕ್ಯ ಶುರುವಾಗುವುದೇ ಷರತ್ತಿನಿಂದ: ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಮೂಲಭೂತ ಹಕ್ಕುಗಳ ಭಾಗದ ಇತರ ವಿಧಿಗಳಿಗೆ ಒಳಪಟ್ಟು ಈ ಹಕ್ಕು ಇದೆ.

ಪರೀಕ್ಷೆಯಲ್ಲಿ ನಕಲು ತಡೆಯುವುದು ಈ ನಾಲ್ಕರಲ್ಲಿ ಎಲ್ಲಿ ಸೇರುತ್ತದೆ? ನಾಲ್ಕನೆಯದರಲ್ಲಿ. 14ನೇ ವಿಧಿ ಎಲ್ಲರಿಗೂ ಸಮಾನತೆ ಕೊಡುತ್ತದೆ, 16ನೇ ವಿಧಿ ಸರ್ಕಾರಿ ಉದ್ಯೋಗದಲ್ಲಿ ಸಮಾನ ಅವಕಾಶ ಕೊಡುತ್ತದೆ. ಅಫಜಲಪುರದ ಹಳ್ಳಿಯಿಂದ ರಾತ್ರಿ ಬಸ್ಸು ಹಿಡಿದು ಬಂದು ಪರೀಕ್ಷೆ ಬರೆಯುವ ಹುಡುಗಿಯ ಸೀಟನ್ನು ಬ್ಲೂಟೂತ್ ಇಟ್ಟುಕೊಂಡವನು ಕಸಿದರೆ ಅವಳ ಮೂಲಭೂತ ಹಕ್ಕಿಗೆ ಪೆಟ್ಟು ಬೀಳುತ್ತದೆ. ಹಾಗಾಗಿ ತಪಾಸಣೆ ಮಾಡುವುದೇ ಧರ್ಮದ್ರೋಹ ಎಂಬಂತೆ ಮಾತಾಡುವವರ ವಾದ ನಿಲ್ಲುವುದಿಲ್ಲ. ತಪಾಸಣೆ ಮಾಡುವ ಅಧಿಕಾರ ಇದೆ. ಅದನ್ನು ಎಷ್ಟರ ಮಟ್ಟಿಗೆ, ಹೇಗೆ ಬಳಸಬೇಕು ಎಂಬುದಷ್ಟೇ ಪ್ರಶ್ನೆ.

ಇದೇ 25ನೇ ವಿಧಿಗೆ ಒಂದು ವಿವರಣೆಯನ್ನೂ ಸೇರಿಸಿದ್ದಾರೆ. ಕಿರ್ಪಾಣ್ ಧರಿಸುವುದು ಸಿಖ್ ಧರ್ಮವನ್ನು ಅವಲಂಬಿಸುವುದರಲ್ಲೇ ಸೇರಿದೆ ಎಂದು ಅದು ಹೇಳುತ್ತದೆ. ನಾನಕ್ ಝಿರಾ ಗುರುದ್ವಾರದ ಊರಾದ ಬೀದರ್‌ನವರಿಗೆ ಇದು ದೂರದ ವಿಷಯವಲ್ಲ. ಅಲಗಿರುವ ಕಿರ್ಪಾಣ್‌ಗೂ ಜಾಗ ಮಾಡಿಕೊಟ್ಟ ಸಂವಿಧಾನ, ಎಲ್ಲರ ಮೈಯಿಂದ ಎಲ್ಲ ಗುರುತನ್ನೂ ಅಳಿಸಬೇಕೆಂದು ಬಯಸಿರಲಿಲ್ಲ. ಫ್ರಾನ್ಸ್ 2004ರಲ್ಲಿ ಕಾನೂನು ಮಾಡಿ ಸರ್ಕಾರಿ ಶಾಲೆಗಳಲ್ಲಿ ಎದ್ದು ಕಾಣುವ ಧಾರ್ಮಿಕ ಗುರುತುಗಳನ್ನು ನಿಷೇಧಿಸಿತು. ನಮ್ಮದು ಆ ದಾರಿಯಲ್ಲ. ನಮ್ಮ ಜಾತ್ಯತೀತತೆಯಲ್ಲಿ ಸರ್ಕಾರಕ್ಕೆ ಯಾವ ಧರ್ಮವೂ ತನ್ನದಲ್ಲ, ಪ್ರಜೆಗೆ ಮಾತ್ರ ತನ್ನ ಧರ್ಮ ಮೈಮೇಲೆ ಇರಬಹುದು.

‘ಅತ್ಯಗತ್ಯ’ ಎಂಬ ಒರೆಗಲ್ಲಿನ ತೊಡಕು

ಪ್ರತಿ ವಿವಾದದಲ್ಲೂ ಕೇಳಿಬರುವ ಮಾತೊಂದಿದೆ: ಇದು ಆ ಧರ್ಮಕ್ಕೆ ಅತ್ಯಗತ್ಯವಾದ ಆಚರಣೆಯೇ? ಈ ಪ್ರಶ್ನೆ ಬೆಳೆದುಬಂದ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಗೊಂದಲದ ಬೇರು ಇಲ್ಲಿದೆ.

1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಮಾತಾಡಿದ ಡಾ. ಬಿ.ಆರ್. ಅಂಬೇಡ್ಕರ್, ಈ ದೇಶದಲ್ಲಿ ಧರ್ಮವು ಹುಟ್ಟಿನಿಂದ ಸಾವಿನವರೆಗೆ ಬದುಕಿನ ಎಲ್ಲವನ್ನೂ ಆವರಿಸಿಕೊಂಡಿದೆ, ಆದ್ದರಿಂದ ಸ್ವಭಾವತಃ ಧಾರ್ಮಿಕವಾದದ್ದಕ್ಕೆ ಮಾತ್ರ ಅದನ್ನು ಮಿತಗೊಳಿಸಬೇಕು ಎಂದರು. ಅವರು ಕೇಳಿದ್ದು, ಈ ಕೆಲಸ ಧಾರ್ಮಿಕವೋ ಲೌಕಿಕವೋ ಎಂದು. ಜಮೀನಿನ ಗೇಣಿಯನ್ನು ಧರ್ಮವೆಂದು ಕರೆದು ಕಾನೂನಿನಿಂದ ತಪ್ಪಿಸಿಕೊಳ್ಳಬಾರದು ಎಂಬಂಥ ಕಾಳಜಿ ಅದು. 1954ರಲ್ಲಿ ಉಡುಪಿಯ ಶಿರೂರು ಮಠದ ಪ್ರಕರಣ ಸುಪ್ರೀಂ ಕೋರ್ಟ್ ಮುಂದೆ ಬಂತು. ಯಾವುದು ಧರ್ಮದ ಅಗತ್ಯ ಭಾಗ ಎಂಬುದನ್ನು ಆ ಧರ್ಮದ ತತ್ವಗಳಿಂದಲೇ ತಿಳಿಯಬೇಕು ಎಂದು ನ್ಯಾಯಾಲಯ ಹೇಳಿತು. ಅಲ್ಲಿಂದ ಮುಂದೆ ಪ್ರಶ್ನೆ ಮೆಲ್ಲನೆ ಹೊರಳಿತು. ಇದು ಧಾರ್ಮಿಕವೇ ಎನ್ನುವುದು ಹೋಗಿ, ಇದು ಧರ್ಮಕ್ಕೆ ಬಿಡಲಾಗದಷ್ಟು ಅಗತ್ಯವೇ ಎಂಬುದು ಬಂತು.

ಇದರಿಂದ ನ್ಯಾಯಾಧೀಶರು ಶಾಸ್ತ್ರ ಬಿಡಿಸಬೇಕಾಯಿತು. ಆನಂದ ಮಾರ್ಗ ಪಂಥ ಹುಟ್ಟಿದ್ದು 1955ರಲ್ಲಿ, ತಾಂಡವ ನೃತ್ಯ ಸೇರಿದ್ದು 1966ರಲ್ಲಿ, ಹಾಗಾಗಿ ಅದು ಅತ್ಯಗತ್ಯವಲ್ಲ ಎಂಬ ತರ್ಕವನ್ನು ಸುಪ್ರೀಂ ಕೋರ್ಟ್ ಮುಂದಿಟ್ಟಿತು. ಹೊಸದಾಗಿ ಹುಟ್ಟಿದ ನಂಬಿಕೆ ನಂಬಿಕೆಯೇ ಅಲ್ಲವೇ? 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟ್ ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದು ಇದೇ ಒರೆಗಲ್ಲಿಗೆ ಉಜ್ಜಿ ತೀರ್ಪು ಕೊಟ್ಟಿತು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕಾದರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ, ಅತ್ಯಗತ್ಯವೇ ಎಂಬ ವಿಚಾರಣೆಯೇ ಬೇಕಿರಲಿಲ್ಲ, ಇದು ಆ ಹುಡುಗಿಯ ಆಯ್ಕೆಯ ಮಾತು, ಅವಳ ಓದಿನ ಮಾತು ಎಂದರು. ವಿಷಯ ದೊಡ್ಡ ಪೀಠಕ್ಕೆ ಹೋಯಿತು.

ನನ್ನ ಅಭಿಪ್ರಾಯದಲ್ಲಿ ಪರೀಕ್ಷಾ ಕೇಂದ್ರದ ಬಾಗಿಲಿಗೆ ‘ಅತ್ಯಗತ್ಯ’ದ ಪ್ರಶ್ನೆಯನ್ನು ತರಲೇಬಾರದು. ಬೀದರ್ ಜಿಲ್ಲೆಯಲ್ಲೇ ಬಸವಕಲ್ಯಾಣವಿದೆ. ಎಂಟುನೂರು ವರ್ಷಗಳ ಹಿಂದೆ ಜನಿವಾರವನ್ನು ಬೇಡವೆಂದ ಬಸವಣ್ಣನವರ ಕಲ್ಯಾಣ ಅದು. ಜನಿವಾರ ಬೇಕೋ ಬೇಡವೋ ಎಂಬ ವಾದ ಈ ನೆಲದಲ್ಲಿ ಅಷ್ಟು ಹಳೆಯದು, ಮತ್ತು ಅದು ಇಂದಿಗೂ ಮುಗಿದಿಲ್ಲ. ಆ ವಾದದ ತೀರ್ಪನ್ನು ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ನಿಂತ ತಪಾಸಣಾ ಸಿಬ್ಬಂದಿ ಕೊಡಲಾರರು. ಕೊಡಬೇಕಾಗಿಯೂ ಇಲ್ಲ. ತೊಡುವ ಹುಡುಗನನ್ನೂ ತೊಡಲೊಲ್ಲದ ಹುಡುಗನನ್ನೂ ಕಾಯುವುದು ಒಂದೇ ಅಂತಃಸಾಕ್ಷಿಯ ಸ್ವಾತಂತ್ರ್ಯ.

ದಾರ, ಕರಡಿಗೆ, ತಲೆವಸ್ತ್ರ

ಹಾಗಾದರೆ ಕೇಳಬೇಕಾದ ಪ್ರಶ್ನೆ ಯಾವುದು? 2017ರ ಆಗಸ್ಟ್‌ನಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಪುಟ್ಟಸ್ವಾಮಿ ಪ್ರಕರಣ ಅದಕ್ಕೆ ದಾರಿ ತೋರಿಸುತ್ತದೆ. ನಿರ್ಬಂಧಕ್ಕೆ ಕಾನೂನಿನ ಆಧಾರ ಇರಬೇಕು, ಉದ್ದೇಶ ನ್ಯಾಯವಾಗಿರಬೇಕು, ನಿರ್ಬಂಧವು ಆ ಉದ್ದೇಶಕ್ಕೆ ಬೇಕಾದಷ್ಟೇ ಇರಬೇಕು. ಕಡಿಮೆ ಪೆಟ್ಟಿನಲ್ಲಿ ಮುಗಿಯುವ ಕೆಲಸಕ್ಕೆ ದೊಡ್ಡ ಕೊಡಲಿ ಎತ್ತಬಾರದು.

ಇದನ್ನು ವಸ್ತುಗಳ ಮೇಲೆ ಇಟ್ಟು ನೋಡೋಣ. ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳ ಪರೀಕ್ಷಾ ಕೇಂದ್ರದ ಮುಂದೆ ಸಾಲಿನಲ್ಲಿ ನಿಂತ ಮಕ್ಕಳ ಮೈಮೇಲೆ ಏನೇನಿರುತ್ತದೆ? ಜನಿವಾರ, ಶಿವದಾರಕ್ಕೆ ಕಟ್ಟಿದ ಕರಡಿಗೆ, ಉಡುದಾರ, ತಾಯಿತ, ಶಿಲುಬೆ, ಮುಂಗೈಗೆ ಸುತ್ತಿದ ಕೆಂಪು ದಾರ, ಕಡಗ, ಹಿಜಾಬ್.

ಜನಿವಾರ ಹತ್ತಿಯ ನೂಲು. ಎಡ ಹೆಗಲಿನಿಂದ ಬಲ ಸೊಂಟಕ್ಕೆ ಇಳಿಯುತ್ತದೆ. ಬೆರಳಲ್ಲಿ ಹಿಡಿದು ತುದಿಯವರೆಗೆ ಎಳೆದು ನೋಡಿದರೆ ಬ್ರಹ್ಮಗಂಟೊಂದು ಬಿಟ್ಟು ಬೇರೇನೂ ಸಿಗುವುದಿಲ್ಲ. ಮೆಟಲ್ ಡಿಟೆಕ್ಟರ್ ಅದರ ಮೇಲೆ ಸದ್ದು ಮಾಡುವುದಿಲ್ಲ. ಅದರಲ್ಲಿ ಬಚ್ಚಿಡಲು ಜಾಗವೇ ಇಲ್ಲ. ಹಾಗಿರುವಾಗ ತೆಗೆಸುವುದರಿಂದ ಪರೀಕ್ಷೆಯ ಪಾವಿತ್ರ್ಯಕ್ಕೆ ಏನೂ ಸೇರುವುದಿಲ್ಲ, ವಿದ್ಯಾರ್ಥಿಯಿಂದ ಮಾತ್ರ ಬಹಳ ಕಳೆಯುತ್ತದೆ.

ಬೆಳ್ಳಿಯ ಕರಡಿಗೆಯ ಮಾತು ಬೇರೆ. ಡಿಟೆಕ್ಟರ್ ಸದ್ದು ಮಾಡುತ್ತದೆ. ಅದು ಟೊಳ್ಳು, ಮುಚ್ಚಳವಿದೆ, ಒಳಗೆ ಇಷ್ಟಲಿಂಗವಿದೆ. ಗುಂಡಿಯಷ್ಟು ಸಣ್ಣ ಸಾಧನ ಅದರಲ್ಲಿ ಹಿಡಿಯುತ್ತದೆ ಎಂಬ ಅನುಮಾನ ನ್ಯಾಯವಾದದ್ದೇ. ಆದರೆ ಆ ಅನುಮಾನ ಪರಿಹಾರವಾಗಲು ಧರಿಸಿದವನೇ ತನ್ನ ಕೈಯಿಂದ ಮುಚ್ಚಳ ತೆರೆದು ತೋರಿಸಿದರೆ ಸಾಕು. ಬಿಚ್ಚಿ ಮೇಜಿನ ಮೇಲಿಟ್ಟು ಹೋಗು ಎನ್ನಬೇಕಾಗಿಲ್ಲ. ಲೋಹದ ತಾಯಿತಕ್ಕೂ ಇದೇ ಬಗೆಯ ತಪಾಸಣೆ ಸಾಕು.

ಹಿಜಾಬ್ ಕಿವಿ ಮುಚ್ಚುತ್ತದೆ, ಬ್ಲೂಟೂತ್ ಕೂರುವುದು ಕಿವಿಯಲ್ಲೇ. ಆದ್ದರಿಂದ ಅದನ್ನು ಜನಿವಾರದಂತೆ ನೋಡಿದೊಡನೆ ಬಿಟ್ಟುಬಿಡಲಾಗದು. ಇದನ್ನು ಒಪ್ಪಿಕೊಳ್ಳದೆ ಮಾತಾಡುವುದು ಪ್ರಾಮಾಣಿಕವಲ್ಲ. ಆದರೆ ಇದಕ್ಕೂ ದಾರಿ ಸಿಕ್ಕಾಗಿದೆ. 2016ರಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆಯ ವಿಷಯ ಕೇರಳ ಹೈಕೋರ್ಟ್ ಮುಂದೆ ಬಂದಾಗ, ಹಿಜಾಬ್ ಧರಿಸುವವರು ಅರ್ಧ ಗಂಟೆ ಮೊದಲೇ ಬರಲಿ, ಮಹಿಳಾ ಸಿಬ್ಬಂದಿ ತಪಾಸಿಸಲಿ, ಆಮೇಲೆ ಅದೇ ಉಡುಪಿನಲ್ಲಿ ಪರೀಕ್ಷೆ ಬರೆಯಲಿ ಎಂದಿತು. ನೀಟ್ ಮಾರ್ಗಸೂಚಿಯಲ್ಲೂ ಸಾಂಪ್ರದಾಯಿಕ ಉಡುಪಿನವರು ಮುಂಚಿತವಾಗಿ ಬಂದು ತಪಾಸಣೆಗೆ ಒಳಗಾಗಬೇಕೆಂಬ ಏರ್ಪಾಡು ಸೇರಿದೆ. ಒಂದು ಪರದೆ, ಒಬ್ಬ ಮಹಿಳಾ ಸಿಬ್ಬಂದಿ, ಐದು ನಿಮಿಷ.

ಜನಿವಾರಕ್ಕೆ ಹೋರಾಡಿ ಹಿಜಾಬಿಗೆ ಬಾಗಿಲು ಹಾಕುವವರೂ, ಹಿಜಾಬಿಗೆ ಹೋರಾಡಿ ಜನಿವಾರದ ನೋವನ್ನು ಹಗುರಾಗಿ ಕಾಣುವವರೂ ತಾವು ನಿಂತ ನೆಲವನ್ನೇ ಅಗೆಯುತ್ತಿದ್ದಾರೆ. ಎರಡನ್ನೂ ಕಾಯುವ ವಾದ ಒಂದೇ: ಸಾಧ್ಯವಿರುವಲ್ಲೆಲ್ಲ ತಪಾಸಿಸು, ತೆಗೆಸಬೇಡ. ತರಗತಿಯ ಸಮವಸ್ತ್ರದ ಪ್ರಶ್ನೆ ಇದರಿಂದ ಬೇರೆ. ಅಲ್ಲಿ ಸರ್ಕಾರ ಹೇಳಿದ ಕಾರಣ ಸಮಾನತೆ ಮತ್ತು ಶಿಸ್ತು, ನಕಲು ತಡೆಯಲ್ಲ. 2022ರ ತೀರ್ಪನ್ನು ಪರೀಕ್ಷಾ ಕೇಂದ್ರದ ತಪಾಸಣೆಗೆ ಹಾಗೇ ಎತ್ತಿ ತರುವುದರಿಂದಲೇ ಅರ್ಧ ಗೊಂದಲ ಹುಟ್ಟಿದೆ.

ಆದೇಶ ಕೊಟ್ಟವರು ಯಾರು?

ಬೀದರ್ ಪ್ರಕರಣದಲ್ಲಿ ಇನ್ನೊಂದು ದೋಷ ಇನ್ನೂ ಸರಳವಾದದ್ದು. ಜನಿವಾರ ತೆಗೆಸಿ ಎಂದು ಎಲ್ಲೂ ಬರೆದಿರಲಿಲ್ಲ.

ಕೇರಳದಲ್ಲಿ 1985ರಲ್ಲಿ ಯೆಹೋವನ ಸಾಕ್ಷಿಗಳ ಪಂಥದ ಮೂವರು ಒಡಹುಟ್ಟಿದ ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದರು. ರಾಷ್ಟ್ರಗೀತೆ ನಡೆಯುವಾಗ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1986ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮತ್ತೆ ಸೇರಿಸಿಕೊಳ್ಳಲು ಹೇಳಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು ನಮಗೆ ಇಲ್ಲಿ ಮುಖ್ಯ. ಮೂಲಭೂತ ಹಕ್ಕನ್ನು ಮೊಟಕು ಮಾಡಲು ಕಾನೂನಿನ ಬಲವಿರುವ ಆಧಾರ ಬೇಕು, ಶಿಕ್ಷಣ ಇಲಾಖೆಯ ಸುತ್ತೋಲೆ ಅದಕ್ಕೆ ಸಾಲದು. ಇಲಾಖೆಯ ಸುತ್ತೋಲೆಯೇ ಸಾಲದಿದ್ದರೆ ಬಾಗಿಲಲ್ಲಿ ನಿಂತವರ ಬಾಯಿಮಾತು ಹೇಗೆ ಸಾಲುತ್ತದೆ? ಕಾಲೇಜು ಖಾಸಗಿಯದಾದರೂ ಮಾತು ಬದಲಾಗದು, ಏಕೆಂದರೆ ಅಂದು ಅದು ಸರ್ಕಾರದ ಪ್ರಾಧಿಕಾರದ ಪರವಾಗಿ ಪರೀಕ್ಷೆ ನಡೆಸುತ್ತಿರುತ್ತದೆ.

ಸರ್ಕಾರ ತಡೆಯಲೇಬೇಕಾದ ಜಾಗ

ಇಷ್ಟು ಓದಿದವರಿಗೆ ಧರ್ಮದ ಹೆಸರು ಹೇಳಿದ ಕೂಡಲೇ ಸರ್ಕಾರ ಹಿಂದೆ ಸರಿಯಬೇಕು ಎಂದು ತೋರಬಹುದು. ಹಾಗಲ್ಲ. ಅದಕ್ಕೂ ಉದಾಹರಣೆ ಹತ್ತಿರದಲ್ಲೇ ಇದೆ.

2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕೊರಳವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದರು. ಗ್ರಹಣದ ಹೊತ್ತಿನಲ್ಲಿ ಹೀಗೆ ಮಾಡಿದರೆ ಅಂಗವೈಕಲ್ಯ ಹೋಗುತ್ತದೆ ಎಂಬ ನಂಬಿಕೆ. ತಂದೆತಾಯಿಗಳ ದುಃಖ ನಿಜ, ಆಸೆಯೂ ನಿಜ. ಆದರೆ ಮಣ್ಣಿನೊಳಗೆ ಅಳುತ್ತಿದ್ದದ್ದು ಒಪ್ಪಿಗೆ ಕೊಡಲಾರದ ಮಗು. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ ರಾಜ್ಯದ ಕಾಯ್ದೆ 2017ರದು, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಹರಿಕಥೆ, ಭಜನೆ, ಯಾತ್ರೆ, ಮಕ್ಕಳ ಕಿವಿ ಚುಚ್ಚುವ ಶಾಸ್ತ್ರಗಳನ್ನು ಆ ಕಾಯ್ದೆ ಮುಟ್ಟುವುದಿಲ್ಲ. ದೇಹಕ್ಕೆ, ಮಾನಕ್ಕೆ ಹಾನಿ ಮಾಡುವುದನ್ನು ಮಾತ್ರ ಹಿಡಿಯುತ್ತದೆ.

ಯಾದಗಿರಿ ತಾಲ್ಲೂಕಿನ ಮೈಲಾಪುರದ ಜಾತ್ರೆ ಇನ್ನೊಂದು ಉದಾಹರಣೆ. ಸಂಕ್ರಾಂತಿಯಂದು ಮಲ್ಲಯ್ಯನ ಪಲ್ಲಕ್ಕಿ ಗಂಗಾಸ್ನಾನಕ್ಕೆ ಇಳಿದು ಬರುವಾಗ ‘ಏಳುಕೋಟಿ’ ಘೋಷದ ನಡುವೆ ಹರಕೆಯ ಕುರಿಮರಿಗಳನ್ನು ಅದರ ಮೇಲೆ ಎಸೆಯುವ ರೂಢಿ ಇತ್ತು. ಸಾವಿರಾರು ಜನರ ಕಾಲ್ತುಳಿತದಲ್ಲಿ ಮರಿಗಳು ಸಾಯುತ್ತಿದ್ದವು. ಜಿಲ್ಲಾಡಳಿತ ಅದನ್ನು ನಿಷೇಧಿಸಿ, ದಾರಿಯಲ್ಲಿ ಚೆಕ್‌ಪೋಸ್ಟ್ ಹಾಕಿ ಮರಿಗಳನ್ನು ವಶಕ್ಕೆ ಪಡೆಯುತ್ತದೆ. ಜಾತ್ರೆ ನಿಂತಿಲ್ಲ, ಪಲ್ಲಕ್ಕಿ ನಿಂತಿಲ್ಲ, ಭಂಡಾರ ಎರಚುವುದು ನಿಂತಿಲ್ಲ. ನಿಂತದ್ದು ಜೀವವಿರುವ ಮರಿಯನ್ನು ಎಸೆಯುವುದು ಮಾತ್ರ.

ಆಳಂದದ ಲಾಡ್ಲೆ ಮಶಾಕ್ ದರ್ಗಾದ ಆವರಣದಲ್ಲಿ ಶಿವರಾತ್ರಿಯ ಪೂಜೆಯ ವಿವಾದವನ್ನೂ ಇಲ್ಲಿ ನೆನೆಯಬಹುದು. 2025ರಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಪೂಜೆಯನ್ನು ತಡೆಯಲಿಲ್ಲ, ಹದಿನೈದು ಜನರಿಗೆ ಮಾತ್ರ ಅನುಮತಿ ಕೊಟ್ಟಿತು. ಸುವ್ಯವಸ್ಥೆ ಕೆಡುವ ಭಯವಿದ್ದಾಗ ಸಂಖ್ಯೆಯನ್ನು ಕಟ್ಟಿಹಾಕುವುದು ಕಾನೂನಿನ ರೀತಿ.

ಮಣ್ಣಲ್ಲಿ ಹೂತ ಮಗುವಿಗೂ ನೂಲಿನ ಜನಿವಾರಕ್ಕೂ ಇರುವ ಅಂತರ ಇದು. ಮೊದಲನೆಯದರಲ್ಲಿ ಒಬ್ಬರ ನಂಬಿಕೆಯ ಬೆಲೆಯನ್ನು ಇನ್ನೊಂದು ದೇಹ ತೆರುತ್ತದೆ. ಎರಡನೆಯದರಲ್ಲಿ ಯಾರೂ ಏನನ್ನೂ ತೆರುವುದಿಲ್ಲ.

ಮುಂದೆ ಏನಾಗಬಹುದು

‘ಅತ್ಯಗತ್ಯ ಆಚರಣೆ’ಯ ಒರೆಗಲ್ಲು ಉಳಿಯಬೇಕೇ ಎಂಬ ಪ್ರಶ್ನೆಯನ್ನು ಶಬರಿಮಲೆ ಪ್ರಕರಣದ ಮರುಪರಿಶೀಲನೆಯ ವೇಳೆ, 2019ರ ನವೆಂಬರ್‌ನಲ್ಲಿ, ಸುಪ್ರೀಂ ಕೋರ್ಟ್ ದೊಡ್ಡ ಪೀಠಕ್ಕೆ ಒಪ್ಪಿಸಿತು. ಅದು ಬದಲಾದರೆ ಹಿಜಾಬ್ ಸೇರಿದಂತೆ ಹಲವು ಪ್ರಕರಣಗಳ ನೆಲೆಗಟ್ಟು ಬದಲಾಗುತ್ತದೆ. ಆದರೆ ಪರೀಕ್ಷಾ ಕೇಂದ್ರದ ಸಮಸ್ಯೆಗೆ ಅಷ್ಟು ದೊಡ್ಡ ತೀರ್ಪು ಬೇಕಿಲ್ಲ.

ಏನೂ ಮಾಡದಿದ್ದರೆ ಆಗುವುದನ್ನು ಊಹಿಸುವುದು ಕಷ್ಟವಲ್ಲ. ಪ್ರತಿ ಪರೀಕ್ಷೆಯ ದಿನ ಒಂದು ಕೇಂದ್ರದಲ್ಲಿ ಒಂದು ಗುರುತು ತೆಗೆಸುತ್ತಾರೆ, ಸಂಜೆಗೆ ಅದು ಒಂದು ಸಮುದಾಯದ ಅವಮಾನವಾಗುತ್ತದೆ, ಮರುದಿನ ಸಿಬ್ಬಂದಿಯ ಅಮಾನತು. ಅಮಾನತಿನ ಭಯದಿಂದ ಮುಂದಿನ ಸಲ ಸಿಬ್ಬಂದಿ ಯಾರನ್ನೂ ಸರಿಯಾಗಿ ತಪಾಸಿಸುವುದಿಲ್ಲ. ಆಗ ಬ್ಲೂಟೂತ್ ಮತ್ತೆ ಒಳಗೆ ಬರುತ್ತದೆ.

ಬಾಗಿಲಲ್ಲಿ ತಡೆದ ವಿದ್ಯಾರ್ಥಿಗೆ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗುವ ಹಕ್ಕಿದೆ, ಪೀಠವೂ ಕಲಬುರಗಿಯಲ್ಲೇ ಇದೆ. ಆದರೆ ಅರ್ಜಿ ಸಿದ್ಧವಾಗುವ ಮೊದಲೇ ಪ್ರಶ್ನೆಪತ್ರಿಕೆ ಹಂಚಿ ಮುಗಿದಿರುತ್ತದೆ. ಆದ್ದರಿಂದ ಪರಿಹಾರ ಬಾಗಿಲಲ್ಲೇ ಇರಬೇಕು. ಯಾವುದನ್ನು ತೆಗೆಸಬಾರದು, ಯಾವುದನ್ನು ತೆರೆಸಿ ನೋಡಬೇಕು, ಯಾರು ಅರ್ಧ ಗಂಟೆ ಮೊದಲು ಬರಬೇಕು ಎಂಬುದನ್ನು ಪ್ರವೇಶ ಪತ್ರದ ಹಿಂಬದಿಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಬೇಕು. ಅದೇ ಹಾಳೆಯನ್ನು ದೊಡ್ಡದು ಮಾಡಿ ಕೇಂದ್ರದ ಗೇಟಿಗೆ ಅಂಟಿಸಬೇಕು. ಅನುಮಾನ ಬಂದಾಗ ತೀರ್ಮಾನಿಸಲು ತಪಾಸಣೆಯವರಿಗಿಂತ ಮೇಲಿನ ಒಬ್ಬ ಅಧಿಕಾರಿ ಗೇಟಿನಲ್ಲೇ ಇರಬೇಕು. ಅವರ ತೀರ್ಮಾನ ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು. ಅಲ್ಲಿಯವರೆಗೆ ಆ ಅಭ್ಯರ್ಥಿಯನ್ನು ಹೊರಗೆ ನಿಲ್ಲಿಸಬಾರದು, ಒಳಗೆ ಪ್ರತ್ಯೇಕ ಕೋಣೆಯಲ್ಲಿ ಕೂರಿಸಿ ಪತ್ರಿಕೆ ಬರೆಯಲು ಬಿಡಬೇಕು.